ಹೊಂಡದ ಗಡಿಗೆ

ಆ ಊರಿನಲ್ಲಿ ಮಾತು ಬಾಯಿಂದ ಹೊರಟು ಮೂರು ಮಾರು ದೂರ ಹೋಗಿ ನೆಲಕ್ಕೆ ಬೀಳುತ್ತಿತ್ತು. ಯಾಕೆ ಎಂದು ಕೇಳಬೇಡಿ, ಅಲ್ಲಿನ ಗಾಳಿಯೇ ಹಾಗೆ. ಕೂಗಿದರೂ ಅಷ್ಟೇ, ಪಿಸುಗುಟ್ಟಿದರೂ ಅಷ್ಟೇ. ಮೂರು ಮಾರಿನಾಚೆ ನಿಂತವನಿಗೆ ನಿಮ್ಮ ತುಟಿ ಅಲ್ಲಾಡುವುದು ಕಾಣುತ್ತಿತ್ತೇ ಹೊರತು ಒಂದಕ್ಷರವೂ ಕೇಳುತ್ತಿರಲಿಲ್ಲ.

ಹಾಗಾಗಿ ಊರ ತುಂಬ ಬಿದಿರಿನ ಕೊಳವೆಗಳು. ಮನೆಯಿಂದ, ಅಂಗಡಿಯಿಂದ, ತೂಬಿನ ಕಟ್ಟೆಯಿಂದ, ಚಾವಡಿಯಿಂದ ಹೊರಟ ಕೊಳವೆಗಳೆಲ್ಲ ಊರ ನಡುವಿನ ಗಡಿಗೆಮನೆಗೆ ಬಂದು ಸೇರುತ್ತಿದ್ದವು. ಮಾತು ಒಂದು ಕೊಳವೆಯಿಂದ ಬಂದು ಗಡಿಗೆಯೊಳಗೆ ಇಳಿದು, ಅಲ್ಲಿ ನೆನೆದು, ಇನ್ನೊಂದು ಕೊಳವೆಯಿಂದ ಕೇಳುವವರ ಕಿವಿಗೆ ಹೋಗುತ್ತಿತ್ತು. ಗಡಿಗೆಗೆ ಇಳಿಯದ ಮಾತು ಆ ಊರಿನಲ್ಲಿ ದೂರ ಹೋಗುವಂತಿರಲಿಲ್ಲ.

ಗಡಿಗೆಯಲ್ಲಿ ಏನಿತ್ತು? ಒಂದೊಂದು ಗಡಿಗೆಯಲ್ಲಿ ಒಂದೊಂದು ಜಾಗದ ಮಾರ್ದನಿ. ಅದನ್ನು ಹಿಡಿಯುವ ಕ್ರಮ ಹೀಗೆ. ಗಡಿಗೆಮನೆ ನೋಡಿಕೊಳ್ಳುವ ಗಡಿಗೆಯವಳು ಒಂದು ದಿನ ಉಪವಾಸವಿದ್ದು, ಕೈ ತೊಳೆದು, ಬೇಕಾದ ಜಾಗಕ್ಕೆ ಹೋಗಿ ನಿಲ್ಲಬೇಕು. ಅಲ್ಲಿದ್ದವರೆಲ್ಲ ಉಸಿರು ಹಿಡಿಯಬೇಕು. ಅವಳು ಒಂದೇ ಒಂದು ಚಪ್ಪಾಳೆ ತಟ್ಟಬೇಕು. ಅವಳ ಆ ಒಂದು ಚಪ್ಪಾಳೆಗೆ ಮಾತ್ರ ಗಾಳಿ ದಾರಿ ಬಿಡುತ್ತಿತ್ತು. ಚಪ್ಪಾಳೆ ಹೋಗಿ, ಗೋಡೆ ಮುಟ್ಟಿ, ಮೂಲೆ ಮುಟ್ಟಿ, ಸೂರು ಮುಟ್ಟಿ ಮರಳಿ ಬರುತ್ತಿತ್ತು. ಬಂದದ್ದನ್ನು ಗಡಿಗೆಗೆ ತುಂಬಿಕೊಂಡು, ಬಾಯಿಗೆ ಬಟ್ಟೆ ಕಟ್ಟಿ, ಮೇಣ ಬಳಿದರೆ ಮುಗಿಯಿತು. ಆಮೇಲೆ ಯಾರ ಮಾತನ್ನು ಆ ಗಡಿಗೆಗೆ ಇಳಿಸಿದರೂ ಅವರು ಆ ಜಾಗದಲ್ಲೇ ನಿಂತು ಮಾತಾಡಿದಂತೆ ಕೇಳುತ್ತಿತ್ತು.

ಪ್ರತಿ ಗಡಿಗೆಗೆ ಮೂರು ಬಿರಡೆ. ದೂರದ ಬಿರಡೆ ತಿರುಗಿಸಿದರೆ ದನಿ ಹತ್ತಿರ ಬರುತ್ತಿತ್ತು, ಇಲ್ಲವೇ ದೂರ ಸರಿಯುತ್ತಿತ್ತು. ನೆನೆಸುವ ಬಿರಡೆಯಿಂದ ಮಾತು ಮಾರ್ದನಿಯಲ್ಲಿ ಎಷ್ಟು ಒದ್ದೆಯಾಗಬೇಕು, ಎಷ್ಟು ಒಣಗಿರಬೇಕು ಎಂಬುದು ತೀರ್ಮಾನವಾಗುತ್ತಿತ್ತು. ಬಾಲದ ಬಿರಡೆಯಿಂದ ಮಾತು ಮುಗಿದ ಮೇಲೂ ಅದರ ಗುಂಗು ಎಷ್ಟು ಹೊತ್ತು ಉಳಿಯಬೇಕೆಂಬುದು. ಗಡಿಗೆಯವಳು ಮೂವತ್ತು ವರ್ಷದಿಂದ ಈ ಮೂರು ಬಿರಡೆಗಳನ್ನು ತಿರುಗಿಸುತ್ತಿದ್ದಳು. ಅವಳ ಬೆರಳು ಎಷ್ಟು ಹದವಾಗಿತ್ತೆಂದರೆ, ಕೂದಲೆಳೆಯಷ್ಟು ತಿರುಗಿಸಿ ಒಬ್ಬನನ್ನು ಹಜಾರದಿಂದ ಜಗಲಿಗೆ ತಂದು ಕೂರಿಸಬಲ್ಲವಳಾಗಿದ್ದಳು.

ಇಷ್ಟೇ ಆಗಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ಆದರೆ ಆ ಊರಿಗೊಂದು ಕಟ್ಟಳೆಯಿತ್ತು. ದನಿ ಎಲ್ಲಿದೆಯೋ ಆಳು ಅಲ್ಲಿ. ಕಣ್ಣು ಸುಳ್ಳು ಹೇಳುತ್ತದೆ, ಕಿವಿ ಹೇಳುವುದಿಲ್ಲ. ಅದಕ್ಕೇ ಕೊಳವೆಗೆ ಕಿವಿ ಕೊಡುವ ಮೊದಲು ಪ್ರತಿಯೊಬ್ಬರೂ ಕಣ್ಣಿಗೆ ಒದ್ದೆ ಬಟ್ಟೆ ಕಟ್ಟಿಕೊಳ್ಳುತ್ತಿದ್ದರು. ನೀರು ಹೊರುವವಳು ವ್ಯಾಪಾರಿಯ ಬಾಗಿಲಲ್ಲೇ ನಿಂತು, ಬಾಗಿಲ ಕೊಳವೆಯಲ್ಲಿ ಕೂಗಿದರೆ, ವ್ಯಾಪಾರಿ ಒಳಗಿನಿಂದ "ಅವಳಿನ್ನೂ ಹೊಳೆಯಾಚೆ ಇದ್ದಾಳೆ, ದಾಟಿ ಬರಲಿ" ಎನ್ನುತ್ತಿದ್ದ. ಯಾಕೆಂದರೆ ನೀರು ಹೊರುವವರಿಗೆ ಗೊತ್ತುಮಾಡಿದ್ದು ಹೊಳೆಯಾಚೆಯ ಗಡಿಗೆ. ಅವಳು ಬಿಂದಿಗೆ ಹೊತ್ತು ಅಲ್ಲೇ ನಿಂತಿರುತ್ತಿದ್ದಳು.

ಊರ ಯಜಮಾನನಿಗೆ ಇದ್ದದ್ದು ಹಜಾರದ ಗಡಿಗೆ. ನೂರು ಕಂಬದ ಹಜಾರ, ಎತ್ತರದ ಸೂರು, ಮಾತು ಮುಗಿದ ಮೇಲೆ ಮೂರು ಉಸಿರಿನಷ್ಟು ಗುಂಗು. ಅವನು ಕೆಮ್ಮಿದರೂ ಜನ ತಲೆಬಾಗುತ್ತಿದ್ದರು. ನಿಜ ಹೇಳಬೇಕೆಂದರೆ ಆ ಹಜಾರ ಯಜಮಾನನ ಅಜ್ಜನ ಕಾಲದಲ್ಲೇ ಕುಸಿದುಬಿದ್ದಿತ್ತು. ಅದಕ್ಕೂ ಮೊದಲು ಗಡಿಗೆಯವಳ ಅಜ್ಜಿ ಹೋಗಿ ತಟ್ಟಿ ತಂದಿದ್ದ ಚಪ್ಪಾಳೆ ಮಾತ್ರ ಉಳಿದಿತ್ತು. ಯಜಮಾನ ಕೂರುತ್ತಿದ್ದದ್ದು ಚಾವಡಿಯ ಹಿಂದಿನ ಇಕ್ಕಟ್ಟಾದ ಕೋಣೆಯಲ್ಲಿ. ಏಳು ಜನ ಹಿರಿಯರ ಮೊಣಕಾಲು ಒಂದಕ್ಕೊಂದು ತಾಗುತ್ತಿದ್ದವು, ಒಬ್ಬರ ಬೆವರು ಇನ್ನೊಬ್ಬರಿಗೆ. ಆದರೂ ಎಲ್ಲರೂ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಕೊಳವೆಗೆ ಕಿವಿಯಿಟ್ಟು, ಹಜಾರದಲ್ಲಿ ಕೂತಿದ್ದೇವೆಂದು ಬೀಗುತ್ತಿದ್ದರು.

ಊರಿನ ಮೇಲ್ಗಡೆ ಒಂದು ಕಲ್ಲುಹೊಂಡ. ಆಳದಲ್ಲಿ ನಲವತ್ತು ಗುಡಿಸಲು. ಅಲ್ಲಿನವರು ಕಲ್ಲು ಒಡೆಯುತ್ತಿದ್ದರು. ಊರಿನ ಒಂದೊಂದು ಮೆಟ್ಟಿಲು, ಒಂದೊಂದು ಹೊಸ್ತಿಲು ಅವರು ಒಡೆದ ಕಲ್ಲು. ಅವರ ದನಿಗೆ ಗೊತ್ತುಮಾಡಿದ್ದು ಗುಡ್ಡದಾಚೆಯ ಗಡಿಗೆ, ಅದೂ ದೂರದ ಬಿರಡೆಯನ್ನು ಕೊನೆಯವರೆಗೆ ತಿರುಗಿಸಿ. ಅವರು ಏನೇ ಹೇಳಿದರೂ ಯಾರೋ ಎಲ್ಲೋ ದನ ಅಟ್ಟುವ ಸದ್ದಿನಷ್ಟೇ ಊರಿಗೆ ಕೇಳುತ್ತಿತ್ತು.

ಯಜಮಾನನಿಗೆ ಒಂದು ಹೊಸ ಆಸೆ ಹುಟ್ಟಿತು. ನಿಂತ ನೀರಿನ ಮೇಲೆ ಹಾದು ಬರುವ ಮಾರ್ದನಿ ಹಜಾರದ್ದಕ್ಕಿಂತ ದೊಡ್ಡದಂತೆ, ಅದರಲ್ಲಿ ನೆನೆದ ದನಿ ಕೇಳಿದವರು ಅಳುತ್ತಾರಂತೆ ಎಂದು ಯಾರೋ ಅವನ ಕಿವಿಗೆ ಹಾಕಿದ್ದರು. ಊರಿನಲ್ಲಿ ಕೆರೆಯಿರಲಿಲ್ಲ. ಹೊಂಡವಿತ್ತು, ಹೊಂಡದ ಅಂಚಿನವರೆಗೆ ಹೊಳೆಯ ಕಾಲುವೆಯಿತ್ತು, ಕಾಲುವೆಗೆ ತೂಬಿತ್ತು. ತೂಬು ಎತ್ತಿದರೆ ಒಂದೇ ಹಗಲಿನಲ್ಲಿ ಹೊಂಡ ತುಂಬುತ್ತದೆಂದು ಲೆಕ್ಕ ಹಾಕಿದರು.

"ಹೊಂಡದಲ್ಲಿ ಜನ ಇದ್ದಾರಲ್ಲ?" ಎಂದು ಒಬ್ಬ ಹಿರಿಯ ಕೇಳಿದ. ಕೇಳಿದ್ದಕ್ಕೆ ಅವನಿಗೇ ನಾಚಿಕೆಯಾಯಿತು.

"ಅವರ ದನಿ ಎಲ್ಲಿದೆ?" ಎಂದ ಯಜಮಾನ.

"ಗುಡ್ಡದಾಚೆ."

"ಹಾಗಾದ್ರೆ ಅವರೆಲ್ಲಿದ್ದಾರೆ?"

"ಗುಡ್ಡದಾಚೆ," ಎಂದರು ಏಳೂ ಜನ. ಹುಣ್ಣಿಮೆ ಕಳೆದ ಐದನೆಯ ದಿನ ಬೆಳಿಗ್ಗೆ ತೂಬು ಎತ್ತಬೇಕು, ನೀರು ನಿಂತ ಮೇಲೆ ಗಡಿಗೆಯವಳು ಹೋಗಿ ದಡದಲ್ಲಿ ಚಪ್ಪಾಳೆ ತಟ್ಟಬೇಕು ಎಂದು ಎಲ್ಲ ಕೊಳವೆಗಳಲ್ಲೂ ಅಪ್ಪಣೆಯಾಯಿತು. ನಲವತ್ತು ಗುಡಿಸಲು ಒಂದು ಗಡಿಗೆಗಾಗಿ! ಇದನ್ನು ಹೇಳುವಾಗ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಮಾರನೆಯ ದಿನ ಕಲ್ಲು ಒಡೆಯುವವಳೊಬ್ಬಳು ಗಡಿಗೆಮನೆಗೆ ಬಂದಳು. ರೆಪ್ಪೆಯ ಮೇಲೆಲ್ಲ ಕಲ್ಲಿನ ಪುಡಿ, ಬೆನ್ನಿಗೆ ಕಟ್ಟಿಕೊಂಡ ಕೂಸು. ಮೂರು ಮಾರಿನೊಳಗೆ ಬಂದು ನಿಂತು ಮಾತಾಡಿದ್ದರಿಂದ ಅವಳ ದನಿ ಅವಳ ಬಾಯಿಂದಲೇ ಬಂತು. ಹೊಂಡದವರ ದನಿಯನ್ನು ಗಡಿಗೆಯಿಲ್ಲದೆ ಗಡಿಗೆಯವಳು ಕೇಳಿದ್ದು ಅದೇ ಮೊದಲು.

"ಅಕ್ಕಾ, ನಾವು ಗುಡ್ಡದಾಚೆ ಇಲ್ಲ. ಕೆಳಗಿದ್ದೀವಿ. ನನ್ನ ದನೀನ ಒಂದ್ಸಲ, ಒಂದೇ ಸಲ, ಹತ್ರಕ್ಕೆ ತಂದ್ಬಿಡಿ. ಮಿಕ್ಕಿದ್ದು ನಾನು ಮಾತಾಡ್ಕೋತೀನಿ."

"ಊರು ಬಿಟ್ಟು ಹೋಗ್ಬಾರ್ದೇನಮ್ಮ?"

"ಎಲ್ಲಿಗೆ ಹೋಗೋಣ ಹೇಳಿ. ಹೋದಲ್ಲೆಲ್ಲ ನೀವು ನಮ್ಮ ದನೀನ ಗುಡ್ಡದಾಚೆಗೇ ಕಳಿಸ್ತೀರಿ."

ಗೊತ್ತುಮಾಡಿದ ಬಿರಡೆಯನ್ನು ಅಪ್ಪಣೆಯಿಲ್ಲದೆ ತಿರುಗಿಸಿದರೆ ಗಡಿಗೆಯವಳ ದನಿಯನ್ನೇ ಕೊಳವೆಯಿಂದ ಕಿತ್ತುಹಾಕುವುದು ಶಿಕ್ಷೆ. ಆದರೂ ಅವಳು ಅಂದು ತಿರುಗಿಸಿದಳು. ದೂರದ ಬಿರಡೆಯನ್ನು ಪೂರ್ತಿ ಈಚೆಗೆ. ನೆನೆಸುವ ಬಿರಡೆಯನ್ನು ಪೂರ್ತಿ ಕೆಳಗೆ. ಬಾಲ ಕತ್ತರಿಸಿ. ಕಲ್ಲು ಒಡೆಯುವವಳು ಕೊಳವೆಗೆ ಬಾಯಿಟ್ಟು, "ನಾವು ಇಲ್ಲೇ ಇದ್ದೀವಿ. ನೀರು ಬಿಡಬೇಡಿ," ಎಂದಳು.

ಇಕ್ಕಟ್ಟಿನ ಕೋಣೆಯಲ್ಲಿ ಏಳು ಹಿರಿಯರಿಗೂ ಯಜಮಾನನಿಗೂ ಆ ಮಾತು ಕೇಳಿತು. ಒಣಗಿದ, ಗುಂಗಿಲ್ಲದ, ಎಲ್ಲಿಂದಲೂ ಬಾರದ ಮಾತು. ಯಾವ ಜಾಗವೂ ಇಲ್ಲದ ಮಾತು ಅಂದರೆ ತನ್ನೊಳಗಿನದೇ ಇರಬೇಕೆಂದು ಪ್ರತಿಯೊಬ್ಬನೂ ಎಣಿಸಿದ. ಪಕ್ಕದವನಿಗೆ ಹೇಳಲು ನಾಚಿಕೆ. ಒಬ್ಬ ಮನೆಗೆ ಹೋಗಿ ಜೀರಿಗೆ ಕಷಾಯ ಕುಡಿದ. ಇನ್ನೊಬ್ಬ ರಾತ್ರಿ ಊಟ ಬಿಟ್ಟ. ಯಜಮಾನ ಮಾತ್ರ ಧೈರ್ಯಸ್ಥ, ಕೂತಲ್ಲೇ ಬಾಯಿಬಿಟ್ಟ. "ನನ್ನೊಳಗೂ ಆಗಾಗ ಇಂಥ ಮಾತು ಏಳುತ್ತೆ. ಅದನ್ನ ತುಳಿಯೋದೇ ಯಜಮಾನಿಕೆ," ಎಂದ. ಉಳಿದವರಿಗೆ ಜೀವ ಬಂದಂತಾಯಿತು, ಅಪ್ಪಣೆ ಹಾಗೇ ಉಳಿಯಿತು.

ಕೊಳವೆಯ ಈ ತುದಿಯಲ್ಲಿ ಗಡಿಗೆಯವಳು ಯಜಮಾನನ ಮಾತನ್ನು ಕೇಳಿಸಿಕೊಂಡಳು. ತಲೆ ಕೈಯಲ್ಲಿ ಹಿಡಿದು ಕೂತಳು. ಕಲ್ಲು ಒಡೆಯುವವಳು ಮಾತ್ರ ಸುತ್ತಲಿನ ಗಡಿಗೆಗಳನ್ನು ನೋಡುತ್ತಿದ್ದಳು. ಅಟ್ಟದಿಂದ ನೆಲದವರೆಗೆ, ಗೋಡೆಯಿಂದ ಗೋಡೆಗೆ ಗಡಿಗೆಗಳು.

"ಇದರಲ್ಲಿ ನಮ್ಮ ಹೊಂಡದ್ದು ಯಾವ್ದಕ್ಕಾ?"

ಗಡಿಗೆಯವಳು ಸಾಲು ಸಾಲಾಗಿ ಕಣ್ಣಾಡಿಸಿದಳು. ಕಣಜದ ಗಡಿಗೆಯಿತ್ತು, ಬಾವಿಯದಿತ್ತು, ಕತ್ತೆಯ ಲಾಯದ್ದೂ ಇತ್ತು. ಹೊಂಡದ್ದು ಇರಲಿಲ್ಲ.

"ಮೂವತ್ತು ವರ್ಷ ಊರೆಲ್ಲ ತಿರುಗಿ ಚಪ್ಪಾಳೆ ತಟ್ಟಿದ್ದೀರಿ," ಎಂದಳು ಕಲ್ಲು ಒಡೆಯುವವಳು. ಅವಳ ದನಿಯಲ್ಲಿ ಬೇಡುವುದು ಮುಗಿದಿತ್ತು, ಕೋಪ ಬಂದಿತ್ತು. "ಕತ್ತೆ ಲಾಯಕ್ಕೆ ಹೋದ ಕಾಲು ನಮ್ಮಲ್ಲಿಗೆ ಬರಲಿಲ್ಲ."

ಗಡಿಗೆಯವಳು ಅಂದು ಉಪವಾಸವಿದ್ದಳು. ಮರುದಿನ ಕೈ ತೊಳೆದು, ಒಂದು ಹೊಸ ಗಡಿಗೆ ಕಂಕುಳಲ್ಲಿಟ್ಟುಕೊಂಡು ಹೊಂಡಕ್ಕೆ ಇಳಿದಳು. ಇಳಿದಷ್ಟೂ ಮೆಟ್ಟಿಲು. ಸುತ್ತಿಗೆಯ ಸದ್ದು ಮೂರು ಮಾರಿಗೆ ಒಂದರಂತೆ ಅವಳನ್ನು ಎದುರುಗೊಂಡು ಹಿಂದೆ ಬೀಳುತ್ತಿತ್ತು. ತಳದಲ್ಲಿ ಒಲೆಯ ಹೊಗೆ, ಒಣಗಲು ಹಾಕಿದ ಸೀರೆ, ಬಂಡೆಯ ನೆರಳಲ್ಲಿ ಮಲಗಿದ ನಾಯಿ. ಇವರನ್ನೇ ಅಲ್ಲವೇ ನಾನು ದಿನವೂ ಗುಡ್ಡದಾಚೆಗೆ ದಬ್ಬುತ್ತಿದ್ದದ್ದು ಎಂದು ಅವಳಿಗೆ ಅನ್ನಿಸಿ ತನ್ನ ಬೆರಳುಗಳ ಮೇಲೇ ಹೇಸಿಗೆಯಾಯಿತು.

"ಸುತ್ತಿಗೆ ನಿಲ್ಲಿಸಿ, ಉಸಿರು ಹಿಡೀರಿ," ಎಂದಳು. ಆ ಮಾತು ಗುಡಿಸಲಿಂದ ಗುಡಿಸಲಿಗೆ ದಾಟಿತು. ನಲವತ್ತು ಮನೆಯವರೂ ಸುತ್ತಿಗೆ ಇಳಿಸಿದರು, ಉಸಿರು ಹಿಡಿದರು. ಅವಳು ಒಂದು ಚಪ್ಪಾಳೆ ತಟ್ಟಿದಳು.

ಚಪ್ಪಾಳೆ ಹೋಯಿತು. ಸೀಳಿದ ಕಲ್ಲನ್ನು ಮುಟ್ಟಿತು, ಸುತ್ತ ನಿಂತ ಕಡಿದಾದ ಗೋಡೆ ಮುಟ್ಟಿತು, ಗುಡಿಸಲಿನ ಒಣಹುಲ್ಲು ಮುಟ್ಟಿತು. ಅದು ಮರಳಿ ಬರುತ್ತಿರುವಾಗ, ಕಲ್ಲು ಒಡೆಯುವವಳ ಬೆನ್ನ ಮೇಲಿದ್ದ ಕೂಸು ಒಂದು ಸಲ ಬಿಕ್ಕಳಿಸಿತು.

ಎಲ್ಲರ ಮುಖ ಕಪ್ಪಿಟ್ಟಿತು. ಕಸುಬಿನ ಕಟ್ಟುನಿಟ್ಟು ಅವರಿಗೂ ಗೊತ್ತಿತ್ತು. ಬೇರೆ ಸದ್ದು ಬೆರೆತ ಗಡಿಗೆಯನ್ನು ಒಡೆದುಹಾಕಬೇಕು. ಗಡಿಗೆಯೊಳಗೆ ಏನು ಸಿಕ್ಕಿಬಿದ್ದಿದೆಯೋ ಅದು ಆ ಗಡಿಗೆಗೆ ಇಳಿದ ಪ್ರತಿ ಮಾತಿನ ಹಿಂದೆಯೂ ಬರುತ್ತದೆ.

"ಇನ್ನೊಂದ್ಸಲ ತಟ್ಟಿ ಅಕ್ಕಾ, ಇದರ ಬಾಯಿ ಮುಚ್ತೀನಿ," ಎಂದಳು ತಾಯಿ, ಅಳು ನುಂಗಿಕೊಂಡು.

"ಬೇಡ, ಯಾರ ಬಾಯೀನೂ ಮುಚ್ಚೋದು ಬೇಡ," ಎಂದಳು ಗಡಿಗೆಯವಳು. ಬಟ್ಟೆ ಕಟ್ಟಿ, ಮೇಣ ಬಳಿದು, ಗಡಿಗೆಯನ್ನು ಕಂಕುಳಲ್ಲಿಟ್ಟುಕೊಂಡು ಮೆಟ್ಟಿಲು ಹತ್ತಿದಳು.

ಹುಣ್ಣಿಮೆ ಕಳೆದ ಐದನೆಯ ದಿನ ಬೆಳಗಾಯಿತು. ಗಡಿಗೆಯವಳು ಹಜಾರದ ಗಡಿಗೆಯನ್ನು ಅದರ ಜಾಗದಿಂದ ಇಳಿಸಿದಳು. ಮೊದಲು ಅದನ್ನು ಪಕ್ಕಕ್ಕಿಡೋಣ ಎಂದುಕೊಂಡಳು. ಪಕ್ಕಕ್ಕಿಟ್ಟದ್ದನ್ನು ಯಾರಾದರೂ ಮತ್ತೆ ಎತ್ತಿಡಬಹುದು ಎಂದು ಹೊಳೆಯಿತು. ಮೇಣ ಕಿತ್ತಳು, ಬಟ್ಟೆ ಬಿಚ್ಚಿದಳು. ಅವಳ ಅಜ್ಜಿ ತಟ್ಟಿದ್ದ ಚಪ್ಪಾಳೆ, ನೂರು ಕಂಬಗಳನ್ನು ಮುಟ್ಟಿಬಂದ ಚಪ್ಪಾಳೆ, ಕೋಣೆಯನ್ನು ಒಂದು ಸುತ್ತು ಹಾಕಿ ಕಿಟಕಿಯಿಂದ ಹೊರಟುಹೋಯಿತು. ಹಜಾರ ಬಿದ್ದುಹೋಗಿದೆ, ಇನ್ನೊಮ್ಮೆ ಹಿಡಿಯುವಂತಿಲ್ಲ. ಅವಳಿಗೆ ಅಳು ಬಂತು, ಅತ್ತಳು. ಅತ್ತು ಮೂಗು ಒರೆಸಿಕೊಂಡು ಹೊಂಡದ ಗಡಿಗೆಯನ್ನು ಯಜಮಾನನ ಜಾಗದಲ್ಲಿ ಕೂರಿಸಿ ಮೂರು ಬಿರಡೆಗಳನ್ನೂ ಕೊನೆಯವರೆಗೆ ತಿರುಗಿಸಿದಳು. ಪೂರ್ತಿ ಆಳ, ಪೂರ್ತಿ ಒದ್ದೆ, ಪೂರ್ತಿ ಬಾಲ.

ತೂಬಿನವನು ಹೊಂಡದ ಅಂಚಿನ ಕಟ್ಟೆಯ ಮೇಲೆ, ಕಣ್ಣಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು, ಕೊಳವೆಗೆ ಕಿವಿಯಿಟ್ಟು, ಎರಡೂ ಕೈಯಲ್ಲಿ ತೂಬಿನ ಗೂಟ ಹಿಡಿದು ನಿಂತಿದ್ದ. ಊರಿನವರೂ ಅವರವರ ಬಾಗಿಲ ಕೊಳವೆಗೆ ಕಿವಿ ಕೊಟ್ಟಿದ್ದರು.

"ತೂಬು ಎತ್ತು," ಎಂದ ಯಜಮಾನ.

ಆ ಮಾತು ಹೊಂಡದ ತಳದಿಂದ ಬಂತು. ಕಡಿದಾದ ಕಲ್ಲಿಗೆ ಬಡಿದು, ಬಡಿದದ್ದು ಇನ್ನೊಂದು ಕಲ್ಲಿಗೆ ಬಡಿದು, ಮೆಲ್ಲಗೆ ಮೇಲೇರಿ ಬಂತು. ಅದರ ಹಿಂದೆಯೇ ಒಂದು ಕೂಸು ಬಿಕ್ಕಳಿಸಿತು.

ತೂಬಿನವನ ಕೈ ನಿಂತಿತು. "ಯಜಮಾನ್ರೇ, ನೀವು ಕೆಳಗೆ ಯಾಕೆ ಇಳಿದ್ರಿ?"

"ನಾನೆಲ್ಲಿ ಇಳಿದೆ? ಹಜಾರದಲ್ಲಿದ್ದೀನಿ, ಎತ್ತೋ ತೂಬು!" ಬಿಕ್ಕಳಿಕೆ.

"ಇಲ್ಲ ಬುದ್ಧಿ, ತಳದಲ್ಲಿದ್ದೀರಿ. ಮೇಲಕ್ಕೆ ಬನ್ನಿ, ಆಮೇಲೆ ಎತ್ತುತ್ತೀನಿ. ಜೊತೇಲಿ ಇರೋ ಕೂಸು ಯಾರ್ದು?"

"ಯಾವ ಕೂಸೂ ಇಲ್ಲ!" ಎಂದು ಯಜಮಾನ ಗರ್ಜಿಸಿದ. ಅವನು ಗರ್ಜಿಸಿದಷ್ಟೂ ಹೊಂಡ ಗರ್ಜಿಸಿತು, ಕೂಸೂ ಅಷ್ಟೇ ಜೋರಾಗಿ ಬಿಕ್ಕಳಿಸಿತು. ಇಕ್ಕಟ್ಟಿನ ಕೋಣೆಯಲ್ಲಿ ಏಳು ಹಿರಿಯರೂ ಕಾಲು ಮೇಲೆತ್ತಿ ಕೂತರು. ತಾವೂ ತಳದಲ್ಲೇ ಇದ್ದೇವೆ, ನೀರು ಯಾವ ಗಳಿಗೆಯಲ್ಲಾದರೂ ಬರಬಹುದು ಎಂದು ಅವರಿಗೆ ಖಾತ್ರಿಯಾಯಿತು. "ಎತ್ತಬೇಡ ಅನ್ನಿ, ಎತ್ತಬೇಡ ಅನ್ನಿ," ಎಂದು ಯಜಮಾನನ ಅಂಗಿ ಹಿಡಿದು ಎಳೆದರು.

ಯಜಮಾನ ಕಣ್ಣಿನ ಬಟ್ಟೆ ಕಿತ್ತೆಸೆದ. ಕೋಣೆ ಕಂಡಿತು, ಸುಣ್ಣ ಉದುರಿದ ಗೋಡೆ ಕಂಡಿತು, ಏಳು ಜನ ಮುದುಕರು ಕಾಲು ಮಡಚಿ ಕೂತದ್ದು ಕಂಡಿತು. ಸಿಟ್ಟು ನೆತ್ತಿಗೇರಿ ಕೊಳವೆಗೆ ಬಾಯಿ ಹಚ್ಚಿ ಕೂಗಿದ. "ಅದು ಗಡಿಗೆಯ ಆಟ ಕಣೋ ದಡ್ಡ! ದನಿ ಇದ್ದಲ್ಲಿ ಆಳು ಇರೋದಿಲ್ಲ! ಎತ್ತು!"

ಊರಿಗೆ ಊರೇ ಅದನ್ನು ಕೇಳಿತು. ಬಾಗಿಲಲ್ಲಿ ಬಿಂದಿಗೆ ಹೊತ್ತು ನಿಂತವಳೂ ಕೇಳಿದಳು, ಒಳಗಿದ್ದ ವ್ಯಾಪಾರಿಯೂ ಕೇಳಿದ. ಕೂಸು ಬಿಕ್ಕಳಿಸಿತು.

ತೂಬಿನವನು ಗೂಟದಿಂದ ಒಂದು ಕೈ ತೆಗೆದು ಕಣ್ಣಿನ ಬಟ್ಟೆ ಬಿಚ್ಚಿದ. ಇಪ್ಪತ್ತು ವರ್ಷ ಆ ಕಟ್ಟೆಯ ಮೇಲೆ ನಿಂತವನು ಮೊದಲ ಸಲ ಬಗ್ಗಿ ನೋಡಿದ. ತಳದಲ್ಲಿ ಯಜಮಾನನಿರಲಿಲ್ಲ. ನಲವತ್ತು ಗುಡಿಸಲು ಇದ್ದವು. ಜನ ಹೊರಗೆ ಬಂದು, ಮಕ್ಕಳನ್ನು ಎತ್ತಿಕೊಂಡು, ತಲೆಯೆತ್ತಿ ಅವನನ್ನೇ ನೋಡುತ್ತಿದ್ದರು. ಅವರ ತುಟಿ ಅಲ್ಲಾಡುತ್ತಿತ್ತು. ಏನೂ ಕೇಳಿಸಲಿಲ್ಲ, ಕೇಳಿಸುವ ಅಗತ್ಯವೂ ಅವನಿಗೆ ಕಾಣಲಿಲ್ಲ.

"ಎತ್ತಿದ್ಯೇನೋ?" ಎಂದಿತು ಕೊಳವೆ.

"ಇಲ್ಲ."

"ನನ್ನ ಅಪ್ಪಣೆ ಕಣೋ!"

"ನಿಮ್ಮ ಅಪ್ಪಣೆ ಅಂತ ಹೇಗೆ ನಂಬಲಿ? ದನಿ ಇದ್ದಲ್ಲಿ ಆಳಿಲ್ಲ ಅಂತ ನೀವೇ ಅಂದ್ರಿ. ಇದು ಬರೀ ದನಿ. ಕೆಳಗಿರೋರು ಆಳುಗಳು. ಕಣ್ಣಾರೆ ನೋಡಿದೀನಿ," ಎಂದು ತೂಬಿನವನು ಗೂಟವನ್ನು ಇನ್ನಷ್ಟು ಕೆಳಕ್ಕೆ ಒತ್ತಿ, ಅದರ ಮೇಲೆ ಕೂತುಬಿಟ್ಟ. ಆಮೇಲೆ ಮಡಿಲಿನಿಂದ ಎಲೆ ಅಡಿಕೆ ತೆಗೆದ.

ಯಜಮಾನ ಬರಿಗಾಲಲ್ಲಿ ಗಡಿಗೆಮನೆಗೆ ಓಡಿಬಂದ. ದಾರಿಯುದ್ದಕ್ಕೂ ಜನ ಬಾಗಿಲಿಗೆ ಬಂದು ಅವನನ್ನು ನೋಡಿದರು. ಇಷ್ಟು ಗಿಡ್ಡ ಮನುಷ್ಯನೇ ಎಂದು ಕೆಲವರಿಗೆ ಆಶ್ಚರ್ಯವಾಯಿತು. ಅವನು ಗಡಿಗೆಯವಳ ಎದುರು ಮೂರು ಮಾರಿನೊಳಗೆ ಬಂದು ನಿಂತ. ಅವನ ನಿಜವಾದ ದನಿ ಸಣ್ಣಗೆ, ಮೂಗಿನಲ್ಲಿ ಮಾತಾಡಿದಂತಿತ್ತು.

"ಹಜಾರದ ಗಡಿಗೆ ಇಡು."

"ಬಿಚ್ಚಿಬಿಟ್ಟೆ. ಹೋಯ್ತು."

"ನಿನ್ನ ದನೀನ ಕೊಳವೆಯಿಂದ ಕೀಳಿಸ್ತೀನಿ!"

"ಕೀಳಿಸಿ. ಆ ಕೆಲಸ ಬರೋಳು ಈ ಊರಲ್ಲಿ ನಾನೊಬ್ಬಳೇ. ನಾನು ಇನ್ನು ಯಾರ ದನೀನೂ ಕೀಳೋಳಲ್ಲ, ಎಲ್ಲಿಗೂ ದಬ್ಬೋಳಲ್ಲ."

ಅವನು ಗೋಡೆಯ ತುಂಬ ಇದ್ದ ಗಡಿಗೆಗಳನ್ನು ನೋಡಿದ. ಅವನು ಓಡಿಬರುವಷ್ಟರಲ್ಲಿ ಅವಳು ಒಂದೊಂದರ ಮೇಣವನ್ನೂ ಒಡೆದಿದ್ದಳು, ಒಂದೊಂದರ ಬಾಯಿಯೂ ತೆರೆದಿತ್ತು. ಹೊಂಡದ್ದೊಂದೇ ಭದ್ರವಾಗಿತ್ತು. ಅವನು ಹೊಸ್ತಿಲ ಮೇಲೆ ಕೂತ. "ನನ್ನನ್ನ ಅಲ್ಲಿಂದ ಮೇಲೆತ್ತಮ್ಮ," ಎಂದ.

"ನನ್ನಿಂದಾಗಲ್ಲ, ಯಜಮಾನ್ರೇ. ನಿಮ್ಮ ದನಿ ಈಗ ಅವರ ಮನೇಲಿದೆ. ಬೇಕಾದ್ರೆ ಹೋಗಿ ಅವರನ್ನೇ ಕೇಳಿ," ಎಂದು ಗಡಿಗೆಯವಳು ಬಾಗಿಲಿನ ಕಡೆ ಕೈ ತೋರಿಸಿದಳು. "ಮೆಟ್ಟಿಲಿಗೆ ಹಿಡಿಕೆ ಇಲ್ಲ. ಗೋಡೆ ಹಿಡ್ಕೊಂಡು ಇಳೀರಿ."